ಸಾವಿನ ಮನೆಗೆ ಕೊಡುವ ಕಾರ್ಡಿನ ಒಳಗೆ ಏನು ಬರೆಯಬೇಕು?

ಕಾಗದದ ಹೂ, ಕೋಲಾರ

ಎಲ್ಲರಿಗೂ ವಂದನೆಗಳು. ಕಾರ್ಡು ಮಾಡುವ ಕೈಕೆಲಸದ ಬಗ್ಗೆ ಇಲ್ಲಿ ಹಲವು ಸಲ ಬರೆದಿದ್ದೇನೆ, ನೀವೂ ಪ್ರೀತಿಯಿಂದ ಉತ್ತರಿಸಿದ್ದೀರಿ. ಈ ಸಲ ಕೇಳುತ್ತಿರುವುದು ಕಾರ್ಡಿನ ಹೊರಗಿನ ಅಲಂಕಾರವನ್ನಲ್ಲ, ಒಳಗಿನ ಮಾತನ್ನು.

ಇಪ್ಪತ್ತೆರಡು ವರ್ಷಗಳಿಂದ ಕಾರ್ಡು ಮಾಡುತ್ತಿದ್ದೇನೆ. ಸಂಡೇ ಸ್ಕೂಲಿನ ಮಕ್ಕಳ ಕೈಯಲ್ಲಿ ಹಳೆಯ ಲಗ್ನಪತ್ರಿಕೆಗಳ ಹಿಂಬದಿ ಕತ್ತರಿಸಿ ನಕ್ಷತ್ರ ಮಾಡಿಸಿದ್ದು ಮೊದಲು. ಈಗ ನಮ್ಮ ಮನೆಯ ಊಟದ ಮೇಜಿನ ಅರ್ಧ ಭಾಗ ಕತ್ತರಿ, ಸ್ಕೇಲು, ಅಂಟು, ದಪ್ಪ ಕಾಗದಗಳ ಪಾಲಾಗಿದೆ. ಕ್ರಿಸ್ಮಸ್, ಈಸ್ಟರ್, ದೀಕ್ಷಾಸ್ನಾನ, ಮದುವೆ, ಇವುಗಳಿಗೆ ಬರೆಯಲು ಎಂದೂ ತಡವರಿಸಿಲ್ಲ. ಸಂತೋಷದ ಕಾರ್ಡಿನಲ್ಲಿ ಒಂದು ಮಾತು ಹೆಚ್ಚುಕಡಿಮೆಯಾದರೂ ಆ ಮನೆಯ ಸಂತೋಷವೇ ಅದನ್ನು ಸರಿಮಾಡಿಕೊಳ್ಳುತ್ತದೆ. ಸಾವಿನ ಮನೆಗೆ ಹೋಗುವ ಕಾರ್ಡು ಹಾಗಲ್ಲ ಎಂಬುದು ನನಗೆ ತಡವಾಗಿ ತಿಳಿಯಿತು.

ಕಳೆದ ವರ್ಷ ನಮ್ಮ ಸಭೆಯ ಸಹೋದರಿಯೊಬ್ಬಳ ಮಗ ಹೆದ್ದಾರಿಯಲ್ಲಿ ಬೈಕ್ ಅಪಘಾತವಾಗಿ ತೀರಿಕೊಂಡ. ಹತ್ತೊಂಬತ್ತು ವರ್ಷ. ಮಣ್ಣು ಮಾಡಿ ಬಂದ ಮೇಲೆ ಎರಡು ರಾತ್ರಿ ಕುಳಿತು ಕಾರ್ಡು ಮಾಡಿದೆ. ಬಿಳಿ ಕಾಗದದಲ್ಲಿ ಆರು ಎಸಳಿನ ಲಿಲ್ಲಿ, ಒಂದೊಂದು ಎಸಳನ್ನೂ ಹೆಣಿಗೆ ಕಡ್ಡಿಗೆ ಸುತ್ತಿ ಬಾಗಿಸಿದ್ದೆ. ಒಳಗೆ ಬಂಗಾರದ ಬಣ್ಣದ ಪೆನ್ನಿನಲ್ಲಿ, ಬೈಬಲಿನಲ್ಲಿ ರೋಮಾಪುರದವರಿಗೆ ಬರೆದ ಪತ್ರಿಕೆಯ 8:28 ಬರೆದೆ. ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಒಳಿತಿಗಾಗಿಯೇ ಆಗುತ್ತದೆ ಎಂಬ ವಚನ. ನಮ್ಮ ಅಪ್ಪ ಹೋದಾಗ ನನ್ನನ್ನು ಹಿಡಿದು ನಿಲ್ಲಿಸಿದ ವಚನ ಅದು. ಅಪ್ಪನಿಗೆ ಆಗ ಎಂಬತ್ತೊಂದು ವರ್ಷವಾಗಿತ್ತು ಎಂಬುದು ಆ ರಾತ್ರಿ ನನ್ನ ನೆನಪಿಗೆ ಬರಲಿಲ್ಲ.

ಮೂರು ತಿಂಗಳು ಕಳೆದ ಮೇಲೆ ಒಂದು ಭಾನುವಾರ ಆರಾಧನೆ ಮುಗಿಸಿ ಹೊರಗೆ ಬೇವಿನ ಮರದ ಕೆಳಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದೆವು. ಅವಳು ಹೇಳಿದಳು: "ಅಕ್ಕಾ, ನಿಮ್ಮ ಕಾರ್ಡು ತುಂಬಾ ಚೆನ್ನಾಗಿತ್ತು. ಆದರೆ ಒಳಿತಿಗಾಗಿ ಎಂಬ ಪದ ಓದಿದ ಮೇಲೆ ಆ ರಾತ್ರಿ ನನಗೆ ಪ್ರಾರ್ಥನೆ ಮಾಡಲು ಆಗಲಿಲ್ಲ. ಬೀರುವಿನಲ್ಲಿಟ್ಟಿದ್ದೇನೆ, ಎಸೆದಿಲ್ಲ." ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಇಷ್ಟು ದಿನ ಕಾಡುತ್ತಿರಲಿಲ್ಲವೇನೋ.

ಬರುವ ತಿಂಗಳಿಗೆ ಆ ಹುಡುಗ ಹೋಗಿ ಒಂದು ವರ್ಷ. ಇನ್ನೊಂದು ಕಾರ್ಡು ಕೊಡಬೇಕೆಂದಿದ್ದೇನೆ. ಕಾಗದ ಕತ್ತರಿಸಿ ಮಡಚಿ ಇಟ್ಟು ಎಂಟು ದಿನವಾಯಿತು. ಒಳಪುಟ ಖಾಲಿ ಇದೆ. ನೀವಾಗಿದ್ದರೆ ಏನು ಬರೆಯುತ್ತಿದ್ದಿರಿ?

ಹಿರಿಯ ಸಭಿಕ, ತುಮಕೂರು

ಸಹೋದರಿ, ನಿಮ್ಮ ನೋವು ಅರ್ಥವಾಗುತ್ತದೆ. ಆದರೂ ಒಂದು ಮಾತು ಹೇಳಲೇಬೇಕು. ದೇವರ ವಾಕ್ಯವನ್ನು ಬಿಟ್ಟು ನಮ್ಮ ಮಾತನ್ನೇ ಬರೆಯುತ್ತೇವೆಂದರೆ ನಮ್ಮ ಮಾತಿಗೆ ಯಾವ ಬಲವಿದೆ? "ಧೈರ್ಯ ತಂದುಕೊಳ್ಳಿ", "ಕಾಲವೇ ಎಲ್ಲವನ್ನೂ ಮರೆಸುತ್ತದೆ" ಎಂದು ಯಾರು ಬೇಕಾದರೂ ಬರೆಯಬಹುದು. ಕ್ರೈಸ್ತರ ಮನೆಯಿಂದ ಹೋಗುವ ಕಾಗದದಲ್ಲಿ ಕ್ರಿಸ್ತನ ಮಾತು ಇರಬೇಕು. ನನ್ನ ಹೆಂಡತಿ ತೀರಿಕೊಂಡಾಗ ಬಂದ ಪತ್ರಗಳಲ್ಲಿ ನಾನು ಇಂದಿಗೂ ತೆಗೆದು ಓದುವುದು ಬೈಬಲಿನ 23ನೆಯ ಕೀರ್ತನೆಯನ್ನು ಪೂರ್ತಿಯಾಗಿ ಕೈಯಿಂದ ಬರೆದು ಕಳುಹಿಸಿದ ಒಂದನ್ನು ಮಾತ್ರ. ಒಬ್ಬರಿಗೆ ಒಂದು ವಚನದಿಂದ ನೋವಾಯಿತೆಂದು ವಚನ ಬರೆಯುವುದನ್ನೇ ಬಿಡಬೇಡಿ.

ಗಣಿಯೂರಿನವನು, ಕೆಜಿಎಫ್

ಹಿರಿಯರ ಮಾತಿಗೆ ಗೌರವವಿಟ್ಟೇ ಬರೆಯುತ್ತೇನೆ. ನಾನು ಬೆಳೆದದ್ದು ಚಿನ್ನದ ಗಣಿಯ ಚಾಂಪಿಯನ್ ರೀಫ್ಸ್ ಕಡೆಯ ಲೈನ್ ಮನೆಗಳಲ್ಲಿ, ಅಂದರೆ ಕಾರ್ಮಿಕರ ಸಾಲು ಮನೆಗಳಲ್ಲಿ. ಅಪ್ಪ ಇಳಿಯುತ್ತಿದ್ದ ಗಣಿ ಮೂರು ಕಿಲೋಮೀಟರಿಗಿಂತ ಹೆಚ್ಚು ಆಳದ್ದು. ಅಷ್ಟು ಆಳದಲ್ಲಿ ಮೇಲಿನ ಭಾರಕ್ಕೆ ಬಂಡೆ ತಾನಾಗಿಯೇ ಸಿಡಿಯುತ್ತಿತ್ತು, ಮೇಲೆ ನಮ್ಮ ಮನೆಯ ಪಾತ್ರೆಗಳು ಅಲುಗುತ್ತಿದ್ದವು. ಆಗ ಓಣಿಯ ಹೆಂಗಸರೆಲ್ಲ ಮಾತಿಲ್ಲದೆ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು.

ಯಾರದಾದರೂ ಮನೆಗೆ ಸುದ್ದಿ ಬಂದರೆ ಆ ಮನೆಗೆ ಕಾರ್ಡೂ ಹೋಗುತ್ತಿರಲಿಲ್ಲ, ವಚನವೂ ಹೋಗುತ್ತಿರಲಿಲ್ಲ. ಜನ ಹೋಗಿ ಕೂರುತ್ತಿದ್ದರು. ನಮ್ಮ ಅಮ್ಮ ಒಂದು ಮನೆಯಲ್ಲಿ ಮೂರು ದಿನ ಕೂತು, ಒಲೆ ಹಚ್ಚಿ, ಮಕ್ಕಳಿಗೆ ತಲೆ ಬಾಚಿ ಬಂದದ್ದು ನೆನಪಿದೆ. ಬೈಬಲಿನಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಮೂವರು ಗೆಳೆಯರು ಮಾಡಿದ್ದೂ ಇದನ್ನೇ. ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕುಳಿತರು, ಒಬ್ಬರೂ ಒಂದು ಮಾತನ್ನೂ ಆಡಲಿಲ್ಲ. ಆ ಮೂವರು ಕೆಟ್ಟದ್ದು ಬಾಯಿ ತೆರೆದ ಮೇಲೆ. ಯಾಕೆ ಹೀಗಾಯಿತೆಂದು ವಿವರಿಸಲು ಹೊರಟರು, ಕೊನೆಗೆ ದೇವರೇ ಅವರ ಮೇಲೆ ಕೋಪಗೊಂಡನು. ಅಕ್ಕ ಬರೆದ ವಚನ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದು ವಿವರಣೆಯಾಗಿ ಕೇಳಿಸಿತು, ಅಷ್ಟೇ.

ಕಾರ್ಡಿನಲ್ಲಿ ಸುಮ್ಮನೆ ಕೂರುವುದು ಹೇಗೆ ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಒಂದು ಸಂಗತಿ ಮಾತ್ರ ಹೇಳುತ್ತೇನೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಅದಾದ ಮೇಲಿನ ಮೊದಲ ಕ್ರಿಸ್ಮಸ್‌ಗೆ, ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದ ತನ್ನ ಜೊತೆಗಾರನಿಗೆ ಅಪ್ಪ ಒಂದು ಕಾರ್ಡು ಕಳುಹಿಸಿದರು. ಅಪ್ಪನಿಗೆ ಓದುಬರಹವಿರಲಿಲ್ಲ. ಅವರು ಹೇಳಿದ್ದನ್ನು ನಾನು ಬರೆದೆ. ಕೊನೆಯಲ್ಲಿ ಪೆನ್ನು ಕಿತ್ತುಕೊಂಡು ತಮ್ಮ ಹೆಸರನ್ನು ತಾವೇ ಬರೆದರು. ನಾಲ್ಕು ಅಕ್ಷರಗಳು ಅರ್ಧ ಪುಟ ತುಂಬಿದವು. ದೊಡ್ಡವನಾದ ಮೇಲೆ ಬೈಬಲ್ ಓದುವಾಗ ನನಗೆ ಆ ಕಾರ್ಡು ಕಣ್ಣ ಮುಂದೆ ಬಂತು. ಅಪೊಸ್ತಲ ಪೌಲನ ರೋಮಾಪುರದ ಪತ್ರಿಕೆಯನ್ನು ಅವನು ಹೇಳಿದಂತೆ ಬರೆದವನು ತೆರ್ತ್ಯನೆಂಬವನು. ಆದರೆ ಗಲಾತ್ಯದವರಿಗೆ ಬರೆದ ಪತ್ರಿಕೆಯ ಕೊನೆಯಲ್ಲಿ ಪೌಲನು, ನೋಡಿರಿ, ನನ್ನ ಸ್ವಂತ ಕೈಯಿಂದ ಎಷ್ಟು ದೊಡ್ಡ ಅಕ್ಷರಗಳಲ್ಲಿ ಬರೆಯುತ್ತಿದ್ದೇನೆ ಎನ್ನುತ್ತಾನೆ. ಕೈಯಿಂದ ಮಾಡಿದ ಕಾರ್ಡಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ ಎಂದು ನನ್ನ ಭಾವನೆ.

ಹೊಸ ಕತ್ತರಿ, ಮಾಲೂರು

ನಡುವೆ ಬಾಯಿ ಹಾಕುತ್ತಿರುವುದಕ್ಕೆ ಕ್ಷಮಿಸಿ. ಇತ್ತೀಚೆಗಷ್ಟೇ ಕಲಿಯುತ್ತಿದ್ದೇನೆ. 300 ಜಿಎಸ್‌ಎಂ ತೂಕದ ದಪ್ಪ ಕಾಗದ ತಂದೆ, ಮಡಚಿದ ಕಡೆಯಲ್ಲೆಲ್ಲ ಬಿರುಕು ಬಿಡುತ್ತಿದೆ. ಬಣ್ಣದ ಕಾಗದವಾದರೆ ಒಳಗಿನ ಬಿಳಿ ಕಾಣಿಸಿ ಅಸಹ್ಯವಾಗುತ್ತದೆ. ಏನು ಮಾಡಬೇಕು?

ಕಾಗದದ ಹೂ, ಕೋಲಾರ

ಕ್ಷಮೆ ಯಾಕಮ್ಮಾ, ಕೇಳು. ಕಾಗದಕ್ಕೂ ಮರದ ಹಾಗೆ ಎಳೆಯ ದಿಕ್ಕು ಇರುತ್ತದೆ. ಹಾಳೆಯನ್ನು ಮಡಚದೆ ಮೆಲ್ಲಗೆ ಎರಡು ಕಡೆಗೂ ಬಾಗಿಸಿ ನೋಡು, ಯಾವ ಕಡೆಗೆ ಸಲೀಸಾಗಿ ಬಾಗುತ್ತದೋ ಆ ಕಡೆಗೇ ಮಡಚು. ಮಡಚುವ ಮೊದಲು ಸ್ಕೇಲು ಇಟ್ಟು, ಮಸಿ ಮುಗಿದ ಬಾಲ್‌ಪೆನ್ನಿನ ಮೊನೆಯಿಂದ ಒಂದೇ ಒತ್ತಿಗೆ ಗೆರೆ ಎಳೆ. ಕತ್ತರಿಸುವ ಹಾಗೆ ಒತ್ತಬಾರದು, ಕಾಗದ ತಗ್ಗಿದರೆ ಸಾಕು. ಆಮೇಲೆ ಚಮಚದ ಬೆನ್ನಿನಿಂದ ಉಜ್ಜು. ನೀರಿನ ಅಂಶ ಹೆಚ್ಚಿರುವ ಬಿಳಿ ಅಂಟನ್ನು ತೆಳ್ಳಗಿನ ಕಾಗದಕ್ಕೆ ಹಚ್ಚಬೇಡ, ಒಣಗಿದ ಮೇಲೆ ಸುಕ್ಕು ಬೀಳುತ್ತದೆ.

ಗಣಿಯೂರಿನ ತಮ್ಮಾ, ನಿಮ್ಮ ತಂದೆಯ ನಾಲ್ಕು ಅಕ್ಷರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇಡೀ ದಿನ ಕಳೆದೆ. ವಿವರಣೆಯಾಗಿ ಕೇಳಿಸಿತು ಎಂದಿರಲ್ಲ, ಅದು ನಿಜ. ಅಷ್ಟೇ ಅಲ್ಲ, ಇನ್ನೂ ಒಂದು ಸತ್ಯ ಹೇಳಬೇಕು. ಆ ವಚನವನ್ನು ನಾನು ಬರೆದದ್ದು ಅವಳಿಗಾಗಿ ಮಾತ್ರವಲ್ಲ. ಆ ಹುಡುಗನನ್ನು ಮಣ್ಣು ಮಾಡುವಾಗ ನನಗೇ ನನ್ನ ನಂಬಿಕೆ ಅಲುಗಿತ್ತು. ಬಂಗಾರದ ಪೆನ್ನಿನಲ್ಲಿ ಬರೆದು ನನ್ನನ್ನು ನಾನೇ ಗಟ್ಟಿಮಾಡಿಕೊಳ್ಳುತ್ತಿದ್ದೆ. ನನಗೆ ಬೇಕಾಗಿದ್ದ ಔಷಧವನ್ನು ಅವಳ ಬಾಯಿಗೆ ಹಾಕಿದೆ.

ಗೂಡಿನ ಮನೆ, ಶಿಡ್ಲಘಟ್ಟ

ನಾವು ಕ್ರೈಸ್ತರಲ್ಲ. ಆದರೂ ಬರೆಯಬೇಕೆನಿಸಿತು. ನಮ್ಮದು ರೇಷ್ಮೆ ಹುಳು ಸಾಕುವ ಮನೆ. ನಾಲ್ಕು ವರ್ಷಗಳ ಹಿಂದೆ ನಮ್ಮ ಅಮ್ಮ ಹೋದರು. ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದು ವರ್ಗವಾಗಿ ಹೋಗಿದ್ದ ಒಬ್ಬ ಕ್ರೈಸ್ತ ಟೀಚರ್ ಸುದ್ದಿ ತಿಳಿದು ಕಾರ್ಡು ಕಳುಹಿಸಿದರು. ಅಂಗಡಿಯದಲ್ಲ, ಒತ್ತಿ ಒಣಗಿಸಿದ ಹೊಂಗೆ ಹೂವನ್ನು ಅಂಟಿಸಿ ಅವರೇ ಮಾಡಿದ್ದು. ಒಳಗೆ ಬರೆದದ್ದು ಇಷ್ಟು: "ನಿಮ್ಮ ಅಮ್ಮ ಬಸ್ಸಾರು ಮಾಡಿದ ದಿನ ಒಂದು ಪಾತ್ರೆ ನಮ್ಮ ಬಾಗಿಲಿಗೆ ಬರುತ್ತಿತ್ತು. ಕೊನೆಯ ಪಾತ್ರೆ ನನ್ನಲ್ಲೇ ಉಳಿದಿದೆ. ಹಿಂದಿರುಗಿಸಲು ಮನಸ್ಸು ಬರುತ್ತಿಲ್ಲ. ದಿನವೂ ನಿಮಗಾಗಿ ಪ್ರಾರ್ಥಿಸುತ್ತೇನೆ."

ಅದನ್ನು ಓದಿದಾಗ ನಾನು ಅತ್ತಷ್ಟು ಹೆಣದ ಮುಂದೆಯೂ ಅತ್ತಿರಲಿಲ್ಲ. ನಮ್ಮ ಮನೆಯಲ್ಲಿ ಒಂದು ಪಾತ್ರೆ ಕಾಣೆಯಾಗಿದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಅಮ್ಮನದು ನಮಗೆ ಗೊತ್ತಿಲ್ಲದ ಒಂದು ಬದುಕು ಇನ್ನೊಬ್ಬರ ಮನೆಯಲ್ಲಿ ಉಳಿದಿದೆಯಲ್ಲ ಎನಿಸಿತು. ಅಕ್ಕಾ, ಆ ಹುಡುಗನ ಬಗ್ಗೆ ಅವನ ತಾಯಿಗೆ ಗೊತ್ತಿಲ್ಲದ ಏನಾದರೂ ನಿಮಗೆ ಗೊತ್ತಿದೆಯೇ? ಅದನ್ನು ಬರೆಯಿರಿ.

ಇನ್ನೊಂದು. ಅಲಂಕಾರಕ್ಕೆ ಬೇಕಾದರೆ ತೂತು ಗೂಡು ಕಳುಹಿಸುತ್ತೇನೆ. ಬಿತ್ತನೆಗೆಂದು, ಅಂದರೆ ಮೊಟ್ಟೆ ಇಡಿಸಲೆಂದು, ಬಿಟ್ಟ ಗೂಡಿನಲ್ಲಿ ಚಿಟ್ಟೆ ತೂತು ಮಾಡಿಕೊಂಡು ಹೊರಬಂದರೆ ಎಳೆ ಕಡಿದುಹೋಗಿರುತ್ತದೆ, ನೂಲು ಬಿಚ್ಚಾಣಿಕೆಗೆ ಬರುವುದಿಲ್ಲ. ಅದರ ಎಸಳು ಕತ್ತರಿಸಿ ಇಲ್ಲಿ ಹಾರ, ಹೂಗುಚ್ಛ ಮಾಡುತ್ತಾರೆ. ದ್ವಿತಳಿ ಎಂಬ ಜಾತಿಯ ಹುಳುವಿನ ಗೂಡು ಅಚ್ಚ ಬಿಳಿ, ಮಿಶ್ರತಳಿಯ ಹುಳುವಿನದು ಹಳದಿ. ಬಣ್ಣ ಹಾಕುವ ಅಗತ್ಯವೇ ಇಲ್ಲ.

ದೀಪದ ಬತ್ತಿ, ಚಿಕ್ಕಬಳ್ಳಾಪುರ

ನಾನು ಕಥೋಲಿಕ, ಶಾಲೆಯಲ್ಲಿ ಚರಿತ್ರೆ ಪಾಠ ಮಾಡುವವನು. ಚಿಟ್ಟೆ ಬಿಟ್ಟು ಹೋದ ಗೂಡು ಎಂದೊಡನೆ ನಮಗೆಲ್ಲ ಬರಿದಾದ ಸಮಾಧಿ, ಪುನರುತ್ಥಾನ ಹೊಳೆಯುತ್ತದೆ. ಪಾಸ್ಖ ಹಬ್ಬದ, ಅಂದರೆ ಈಸ್ಟರಿನ, ಕಾರ್ಡಿಗೆ ಅದು ಬಹಳ ಒಳ್ಳೆಯದು. ಈ ಕಾರ್ಡಿಗೆ ಬೇಡವೇನೋ. ಸತ್ತ ಲಾಜರನನ್ನು ಎಬ್ಬಿಸುತ್ತೇನೆಂದು ಯೇಸುವಿಗೆ ಗೊತ್ತಿತ್ತು, ಆದರೂ ಸಮಾಧಿಗೆ ಹೋಗುವ ದಾರಿಯಲ್ಲಿ ಅವನ ಸಹೋದರಿ ಮರಿಯಳ ಕಣ್ಣೀರು ನೋಡಿ ಮೊದಲು ಅತ್ತರು. ನಾವು ಆ ಅಳುವನ್ನು ದಾಟಿ ನೇರವಾಗಿ ಸಮಾಧಿಯ ಕಲ್ಲು ಉರುಳಿಸಲು ಓಡುತ್ತೇವೆ.

ಕಾರ್ಡಿನ ಚರಿತ್ರೆಯ ಒಂದು ಸಂಗತಿ ಇಲ್ಲಿಗೆ ಹೊಂದುತ್ತದೆ. ಮಾರಾಟಕ್ಕೆಂದು ಅಚ್ಚಾದ ಮೊದಲ ಕ್ರಿಸ್ಮಸ್ ಕಾರ್ಡು 1843ರದು, ಲಂಡನ್ನಿನ ಹೆನ್ರಿ ಕೋಲ್ ಮಾಡಿಸಿದ್ದು. 1840ರಲ್ಲಿ ಒಂದು ಪೆನ್ನಿಯ ಅಂಚೆ ಬಂದ ಮೇಲೆ ಪತ್ರಗಳು ಹೆಚ್ಚಿದವು, ಎಲ್ಲಕ್ಕೂ ಉತ್ತರ ಬರೆಯಲು ಅವರಿಗೆ ಬಿಡುವಿರಲಿಲ್ಲ. ಚಿತ್ರಕಾರ ಹಾರ್ಸ್ಲಿಯವರಿಂದ ಚಿತ್ರ ಬರೆಸಿ, ಕಲ್ಲಚ್ಚಿನಲ್ಲಿ ಒತ್ತಿಸಿ, ಬಣ್ಣವನ್ನು ಕೈಯಿಂದ ಹಚ್ಚಿಸಿದರು. ನಡುವೆ ಊಟಕ್ಕೆ ಕುಳಿತ ಕುಟುಂಬ, ಎರಡು ಪಕ್ಕದಲ್ಲಿ ಹಸಿದವರಿಗೆ ಅನ್ನ, ಬಟ್ಟೆಯಿಲ್ಲದವರಿಗೆ ಬಟ್ಟೆ ಕೊಡುವ ಚಿತ್ರಗಳು. ಅದೇ 1843ರ ಜುಲೈಯಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿ ಮೋಗ್ಲಿಂಗರು ಕಲ್ಲಚ್ಚಿನಲ್ಲೇ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದ್ದರು ಎಂಬುದನ್ನು ನನ್ನ ಮಕ್ಕಳಿಗೆ ಪ್ರತಿ ವರ್ಷ ಹೇಳುತ್ತೇನೆ. ನಾನು ಹೇಳಬೇಕಾದದ್ದು ಬೇರೆ. ಅಚ್ಚಿನ ಕ್ರಿಸ್ಮಸ್ ಕಾರ್ಡು ಹುಟ್ಟಿದ್ದೇ ಬರೆಯುವ ಸಮಯ ಉಳಿಸಲು. ನೀವು ಎರಡು ರಾತ್ರಿ ಕುಳಿತು ಮಾಡಿದಿರಿ, ಆದರೆ ಒಳಗಿನ ಮಾತನ್ನು ಮಾತ್ರ ಅಚ್ಚಿನ ಕಾರ್ಡಿನಿಂದ ತೆಗೆದುಕೊಂಡಿರಿ. ಕಟುವಾಗಿ ಕೇಳಿಸಿದರೆ ಮನ್ನಿಸಿ.

ಒಂದು ವರ್ಷದ ಮೇಲೆ ಕೊಡುತ್ತಿರುವುದು ಸರಿಯಾದ ನಿರ್ಧಾರ. ಮೊದಲ ವಾರ ಎಲ್ಲರೂ ಬರುತ್ತಾರೆ. ನಮ್ಮಲ್ಲಿ ನವೆಂಬರ್ 2 ಸಕಲ ಮೃತರ ಸ್ಮರಣೆಯ ದಿನ. ಸಮಾಧಿಗಳಿಗೆ ಹೋಗಿ ಮೇಣದ ಬತ್ತಿ ಹಚ್ಚಿ ಬರುತ್ತೇವೆ. ಸತ್ತವರ ಹೆಸರನ್ನು ಗಟ್ಟಿಯಾಗಿ ಹೇಳಲು ವರ್ಷಕ್ಕೆ ಒಂದು ದಿನವಾದರೂ ಇರುವುದು ಎಷ್ಟು ದೊಡ್ಡ ಆಸರೆ ಎಂಬುದು ಮಗುವನ್ನು ಕಳೆದುಕೊಂಡ ನನಗೂ ನನ್ನ ಹೆಂಡತಿಗೂ ಗೊತ್ತು. ಕಾರ್ಡಿನಲ್ಲಿ ಹುಡುಗನ ಹೆಸರು ಬರೆಯಿರಿ. "ನಿಮ್ಮ ಮಗ" ಎಂದು ಬರೆಯಬೇಡಿ.

ಹಿರಿಯ ಸಭಿಕ, ತುಮಕೂರು

ಎರಡು ದಿನ ಸುಮ್ಮನಿದ್ದೆ. ನಿನ್ನೆ ರಾತ್ರಿ ರೋಮಾಪುರದ ಪತ್ರಿಕೆಯ 8ನೆಯ ಅಧ್ಯಾಯವನ್ನು 28ರಿಂದಲ್ಲ, 18ರಿಂದ ಓದಿದೆ. ಎಷ್ಟೋ ವರ್ಷಗಳಿಂದ ಆ ಒಂದು ವಚನವನ್ನು ಕಿತ್ತು ಗೋಡೆಗೆ ತೂಗುಹಾಕಿಕೊಂಡಿದ್ದೇನೆ, ಅದಕ್ಕೆ ಮುಂಚೆ ಇರುವುದನ್ನು ಮರೆತೇಹೋಗಿದ್ದೆ. ಸೃಷ್ಟಿಯೆಲ್ಲ ನರಳುತ್ತಿದೆ, ನಾವೂ ನರಳುತ್ತಿದ್ದೇವೆ, ಹೇಗೆ ಪ್ರಾರ್ಥಿಸಬೇಕೋ ನಮಗೆ ತಿಳಿಯದು, ಪವಿತ್ರಾತ್ಮನೇ ಮಾತಿಲ್ಲದ ನರಳಾಟದಿಂದ ನಮಗಾಗಿ ಬೇಡುತ್ತಾನೆ. ಈ ಕೊನೆಯ ಮಾತು 26ನೆಯ ವಚನ. ಆ ತಾಯಿಗೆ ಆ ರಾತ್ರಿ ಪ್ರಾರ್ಥಿಸಲಾಗಲಿಲ್ಲ ಎಂದಿರಿ. ಅವಳು 26ನೆಯ ವಚನದಲ್ಲಿದ್ದಳು, ನಾವು 28ನ್ನು ಕಳುಹಿಸಿದೆವು. ನಾನೂ ಎಷ್ಟೋ ಮನೆಗಳಿಗೆ ಕಳುಹಿಸಿದ್ದೇನೆ. ಅದೇ ಪತ್ರಿಕೆಯ 12ನೆಯ ಅಧ್ಯಾಯದಲ್ಲಿ ಅಳುವವರ ಸಂಗಡ ಅಳಿರಿ ಎಂಬ ಆಜ್ಞೆಯೂ ಇದೆ.

ವಾಕ್ಯ ಬೇಕೆಂಬ ನನ್ನ ಮಾತನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ವಾಕ್ಯದಲ್ಲಿ ಅಳುವಿಗೂ ಜಾಗವಿದೆ, ಹುಡುಕಬೇಕು. 88ನೆಯ ಕೀರ್ತನೆ ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೆ ಸಮಾಧಾನದ ಒಂದು ಸಾಲೂ ಇಲ್ಲ. 56ನೆಯ ಕೀರ್ತನೆಯ 8ನೆಯ ವಚನ ನೋಡಿ, ನನ್ನ ಕಣ್ಣೀರು ನಿನ್ನ ಬುದ್ದಲಿಯಲ್ಲಿ ತುಂಬಿದೆ ಎನ್ನುತ್ತಾನೆ ದಾವೀದ. ಈಗಿನ ಮಕ್ಕಳಿಗೆ ಬುದ್ದಲಿ ಎಂದರೆ ತಿಳಿಯದು. ನಮ್ಮ ಅಜ್ಜನ ಮನೆಯಲ್ಲಿ ಎಣ್ಣೆ ತುಂಬಿಡುವ ತೊಗಲಿನ ಬುದ್ದಲಿ ಇತ್ತು, ನಡುವೆ ಉಬ್ಬಿ ಬಾಯಿಯ ಬಳಿ ಕಿರಿದಾದದ್ದು. ಒಂದು ತೊಟ್ಟೂ ಸೋರುತ್ತಿರಲಿಲ್ಲ.

ಠಸ್ಸೆಯ ಕೈ, ಚಿಂತಾಮಣಿ

ಅಂಚೆ ಇಲಾಖೆಯಲ್ಲಿ ಮೂವತ್ತು ವರ್ಷ ಇದ್ದವನು. ಗೂಡು ಅಂಟಿಸಿದ ಕಾರ್ಡನ್ನು ದಯವಿಟ್ಟು ಸಾದಾ ಲಕೋಟೆಯಲ್ಲಿ ಹಾಕಬೇಡಿ. ಸಾದಾ ಪತ್ರದ ಅಂಚೆಚೀಟಿ 20 ಗ್ರಾಂವರೆಗೆ ಮಾತ್ರ, ದಪ್ಪ ಕಾಗದದ ಕಾರ್ಡು ಲಕೋಟೆ ಸೇರಿ ಅದನ್ನು ಸುಲಭವಾಗಿ ದಾಟುತ್ತದೆ. ತೂಕ ಹಾಕಿಸದೆ ಪೆಟ್ಟಿಗೆಗೆ ಹಾಕಿದರೆ ಬಾಕಿ ಹಣವನ್ನು ಪಡೆಯುವವರ ಮನೆ ಬಾಗಿಲಲ್ಲಿ ಕೇಳುತ್ತಾರೆ. ಸಾವಿನ ಮನೆಗೆ ಹಾಗೆ ಆಗಬಾರದು. ಜೊತೆಗೆ ಅಂಚೆಚೀಟಿಯ ಮೇಲೆ ಮುದ್ರೆ ಒತ್ತುವಾಗ ಉಬ್ಬಿದ್ದೆಲ್ಲ ಅಪ್ಪಚ್ಚಿಯಾಗುತ್ತದೆ. ಒಂದೇ ಊರಾದರೆ ಕೈಯಲ್ಲೇ ಕೊಡಿ.

ಕಾಗದದ ಹೂ, ಕೋಲಾರ

ಮೂರು ವಾರಗಳ ಮೇಲೆ ಬರೆಯುತ್ತಿದ್ದೇನೆ. ಶಿಡ್ಲಘಟ್ಟದ ತಂಗಿಯ ಗೂಡುಗಳು ಬಂದವು, ಹತ್ತಿಯಲ್ಲಿ ಸುತ್ತಿ, ಸಿಹಿ ತಿಂಡಿಯ ಡಬ್ಬಿಯಲ್ಲಿಟ್ಟು ಕಳುಹಿಸಿದ್ದಳು. ಎಸಳು ಮಾಡಲೆಂದು ಒಂದನ್ನು ಉದ್ದಕ್ಕೆ ಸೀಳಿದೆ. ಅರ್ಧ ಗೂಡು ಮೇಜಿನ ಮೇಲೆ ಬೋರಲು ಬಿದ್ದಿತು, ಒಂದು ತುದಿಯಲ್ಲಿ ಚಿಟ್ಟೆ ಬಂದ ತೂತು. ನಡುವೆ ಉಬ್ಬಿ ಬಾಯಿಯ ಬಳಿ ಕಿರಿದಾದದ್ದು. ಹಿರಿಯರು ಬರೆದ ಬುದ್ದಲಿಯೇ ಅದು. ಎಸಳು ಕತ್ತರಿಸಲಿಲ್ಲ. ಅದನ್ನು ಹಾಗೆಯೇ ಕಾರ್ಡಿನ ಮುಂಭಾಗಕ್ಕೆ ಅಂಟಿಸಿದೆ, ಬಾಯಿಗೆ ಕಂದು ನೂಲು ಕಟ್ಟಿದೆ. ಬೇರೆ ಅಲಂಕಾರ ಏನೂ ಇಲ್ಲ.

ಒಳಗೆ ಹುಡುಗನ ಹೆಸರು ಬರೆದೆ. ಕೆಳಗೆ ಹೀಗೆ ಬರೆದೆ. ಪ್ರತಿ ಡಿಸೆಂಬರ್‌ನಲ್ಲೂ ಸಂಡೇ ಸ್ಕೂಲಿನ ಗೋದಲಿಗೆ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆಗಳ ಸುತ್ತ, ಹಸಿರು ಬೇಕೆಂದು ಅವನು ಎಣ್ಣೆ ಡಬ್ಬಿಯಲ್ಲಿ ರಾಗಿ ಬಿತ್ತಿ ಪೈರು ತರುತ್ತಿದ್ದ. ಒಂದು ವರ್ಷ ಮುಂಚೆಯೇ ಬಿತ್ತಿಬಿಟ್ಟಿದ್ದ, ಪೈರು ಉದ್ದವಾಗಿ ಬೆಳೆದು ಕುರಿಗಳ ಮೇಲೆ ಬಾಗಿ ಬಿದ್ದಿತ್ತು. ನಾನು ಅತ್ತ ತಿರುಗಿದಾಗ ನನ್ನ ಕಾಗದದ ಕತ್ತರಿ ತೆಗೆದುಕೊಂಡು ಅಷ್ಟನ್ನೂ ಒಂದೇ ಎತ್ತರಕ್ಕೆ ಕತ್ತರಿಸಿದ. ಕತ್ತರಿ ಮೊಂಡಾಯಿತೆಂದು ನಾನು ಗದರಿದೆ. ಅವನು, "ಆಂಟಿ, ಕುರಿಗೆ ಮುಖ ಕಾಣಬೇಕಲ್ಲ" ಎಂದ. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಹೇಳುವಂಥದ್ದೆಂದು ಅನಿಸಿರಲೂ ಇಲ್ಲ.

ವಚನವನ್ನು ಬರೆಯಲಿಲ್ಲ. ಮೂಲೆಯಲ್ಲಿ ಸೀಸದ ಕಡ್ಡಿಯಿಂದ "ಕೀರ್ತನೆ 56:8" ಎಂದು ಸಂಖ್ಯೆ ಮಾತ್ರ ಬರೆದೆ. ಅವಳಿಗೆ ಬೇಕಾದ ದಿನ ತೆಗೆದು ನೋಡಲಿ, ಬೇಡವಾದರೆ ಉಜ್ಜಿದರೆ ಹೋಗುತ್ತದೆ. ಕೊಡುವ ಹಿಂದಿನ ರಾತ್ರಿ ನಾನು ಪ್ರಾರ್ಥನೆಗೆ ಕುಳಿತಾಗ ನನಗೂ ಮಾತು ಬರಲಿಲ್ಲ. ಕಾರ್ಡನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕುಳಿತಿದ್ದೆ. ಮೊದಲಾದರೆ ಅದನ್ನು ನಂಬಿಕೆಯ ಕೊರತೆ ಎಂದುಕೊಳ್ಳುತ್ತಿದ್ದೆ.

ನಿನ್ನೆ ಸಂಜೆ ಅವಳ ಮನೆಗೆ ಹೋಗಿ ಕೈಯಲ್ಲಿ ಕೊಟ್ಟೆ. ನಿಂತುಕೊಂಡೇ ಓದಿದಳು. ಗೂಡಿನ ಮೇಲೆ ಬೆರಳಾಡಿಸಿದಳು. ಮತ್ತೆ ಒಳಗೆ ಓದಿದಳು.

"ಆಗ ಅವನಿಗೆ ಎಷ್ಟು ವರ್ಷ ಅಕ್ಕಾ?"

"ಹನ್ನೊಂದು."

"ಆ ಕತ್ತರಿ ಇನ್ನೂ ಇದೆಯಾ?"

ಇದೆ ಎಂದೆ. ಸಾಣೆ ಹಿಡಿಸಿದ್ದೇನೆ, ಈಗಲೂ ಅದರಲ್ಲೇ ಕತ್ತರಿಸುತ್ತೇನೆ ಎಂದೆ.

"ಒಂದು ಸಲ ತನ್ನಿ, ನೋಡುತ್ತೇನೆ" ಎಂದಳು.

ನಾಳೆ ತೆಗೆದುಕೊಂಡು ಹೋಗುತ್ತೇನೆ.